ಕಿವಿ ಮಷೀನು ಬೀರು ಸೇರದಿರಲು ಏನು ಮಾಡಬೇಕು?

ಸಾವಿರಾರು ರೂಪಾಯಿ ಕೊಟ್ಟು ತಂದ ಮಷೀನು ನಾಲ್ಕು ದಿನ ಅಪ್ಪನ ಕಿವಿಯಲ್ಲಿದ್ದು ಆಮೇಲೆ ಬೀರು ಸೇರುವುದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ‘ಬರೀ ಗಲಾಟೆ, ಮಾತೊಂದೂ ತಿಳಿಯಲ್ಲ’ ಎಂದು ಅವರ ದೂರು. ‘ಹಟ ಜಾಸ್ತಿ’ ಎಂದು ಮಕ್ಕಳ ದೂರು. ಕನ್ನಡಕ ಹಾಕಿದ ತಕ್ಷಣ ಅಕ್ಷರ ಕಾಣುತ್ತದಲ್ಲ, ಕಿವಿಯದೂ ಹಾಗೇ ಎಂದುಕೊಳ್ಳುವುದರಿಂದ ಬರುವ ತಾಪತ್ರಯ ಇದು. ವರ್ಷಗಟ್ಟಲೆ ಕಿವಿಗೆ ಬೀಳದ ಸದ್ದುಗಳನ್ನು ಮಿದುಳು ಮತ್ತೆ ವಿಂಗಡಿಸಿಕೊಳ್ಳಲು ವಾರಗಳೇ ಬೇಕು.

ಮೊದಲು ಪರೀಕ್ಷೆ

ಇಎನ್‌ಟಿ ವೈದ್ಯರಿಗೆ ತೋರಿಸಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆಸಿದರೇ ಸಾಕಾಗಬಹುದು. ಮನೆಯಲ್ಲೇ ಬಡ್ಸ್ ಹಾಕಿ ಕೆದಕಬೇಡಿ, ಬಿಸಿ ಎಣ್ಣೆ ಬಿಡಲೇಬೇಡಿ. ತಮಟೆಯಲ್ಲಿ ತೂತಿದ್ದರೆ ಸೋಂಕು ಒಳಗಿಳಿಯುತ್ತದೆ. ಒಂದು ದಿನದಲ್ಲೋ ಎರಡು ದಿನದಲ್ಲೋ ಒಂದು ಕಿವಿ ಏಕಾಏಕಿ ಕೇಳಿಸದಂತಾದರೆ ಅದು ತುರ್ತು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆ.

ಆಮೇಲೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಶ್ರವಣ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಜನರ ಬಾಯಲ್ಲಿ ‘ಐಶ್’) ಈ ಕೆಲಸಕ್ಕೆಂದೇ 1965ರಲ್ಲಿ ಹುಟ್ಟಿದ್ದು. ಪರೀಕ್ಷೆಯ ನಕ್ಷೆ ಕೇಳಿ ಪಡೆದುಕೊಳ್ಳಿ. ಅದರಲ್ಲಿ ಕೆಂಪು ಸೊನ್ನೆ ಬಲಗಿವಿಯದು, ನೀಲಿ ಕತ್ತರಿ (X) ಗುರುತು ಎಡಗಿವಿಯದು. ವಯಸ್ಸಾದವರ ನಕ್ಷೆಯಲ್ಲಿ ಗೆರೆ ಸಾಮಾನ್ಯವಾಗಿ ಬಲಬದಿಗೆ ಇಳಿಯುತ್ತಾ ಹೋಗುತ್ತದೆ, ಅಂದರೆ ಕೀರಲು ಸದ್ದುಗಳು ಮೊದಲು ಕೈಬಿಟ್ಟಿವೆ ಎಂದರ್ಥ. ಸ್ವರಗಳು ಕೇಳುತ್ತವೆ, ಸ, ಶ, ತ, ಕ ಜಾರಿಹೋಗುತ್ತವೆ. ಅದಕ್ಕೇ ‘ಸಾರು ಬಡಿಸಲಾ?’ ಎಂದರೆ ‘ಯಾವ ಕಾರು?’ ಎಂಬ ಉತ್ತರ ಬರುವುದು. ಬೇಕಾದದ್ದು ಕೇಳುತ್ತೆ, ಬೇಡದ್ದು ಕೇಳಲ್ಲ ಎಂಬ ಕುಹಕ ಎಷ್ಟು ಅನ್ಯಾಯ ನೋಡಿ.

ಕೊಳ್ಳುವಾಗ

ಅಂಗಡಿಯಲ್ಲಿ ಸಿಗುವ ಅಗ್ಗದ ಆಂಪ್ಲಿಫೈಯರ್ ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸುತ್ತದೆ, ಅದು ಬೇಡ. ನಕ್ಷೆ ನೋಡಿ ಹೊಂದಿಸುವ ಡಿಜಿಟಲ್ ಮಷೀನೇ ಆಗಬೇಕು. ಹಾಕಿ ನೋಡಲು ಕೊಡುತ್ತಾರಾ, ಮತ್ತೆ ಮತ್ತೆ ಹೊಂದಿಸಿಕೊಡುತ್ತಾರಾ ಎಂದು ಬೆಲೆಗಿಂತ ಮುಂಚೆ ಕೇಳಿ. ಬೆರಳು ನಡುಗುವವರಿಗೆ ಕಾಣದಷ್ಟು ಚಿಕ್ಕ ಮಷೀನಿಗಿಂತ ಕಿವಿಯ ಹಿಂದೆ ಕೂರುವ ದೊಡ್ಡದೇ ವಾಸಿ.

ಮೊದಲ ತಿಂಗಳು

ಮೊದಲ ದಿನಗಳಲ್ಲಿ ಮನೆಯೊಳಗೆ, ಸದ್ದಿಲ್ಲದ ಕೋಣೆಯಲ್ಲಿ, ಒಂದೆರಡು ಗಂಟೆ ಹಾಕಿಕೊಳ್ಳಲಿ. ಫ್ಯಾನಿನ ಸುಯ್ ಸದ್ದು, ಸ್ವಂತ ಹೆಜ್ಜೆ, ಪೇಪರ್ ಮಡಚುವುದು ಎಲ್ಲವೂ ಜೋರಾಗಿ ಕೇಳುತ್ತದೆ. ತನ್ನ ದನಿಯೇ ಕೊಡದೊಳಗಿಂದ ಬಂದಂತೆ ಅನ್ನಿಸುತ್ತದೆ. ದಿನಾ ಒಂದು ಪುಟ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ, ದನಿ ಪಳಗುತ್ತದೆ. ಆಮೇಲೆ ಒಬ್ಬರ ಜೊತೆ ಮಾತು, ನಂತರ ಟಿವಿ ವಾರ್ತೆ, ಅಂಗಳ, ಬೀದಿ. ಗಂಟೆಗಳನ್ನು ಹೆಚ್ಚಿಸುತ್ತಾ ಎಚ್ಚರವಿರುವಷ್ಟು ಹೊತ್ತೂ ಹಾಕಿಕೊಳ್ಳುವ ಮಟ್ಟಕ್ಕೆ ಬರಬೇಕು. ಬರೀ ನೆಂಟರು ಬಂದಾಗ ಹಾಕಿದರೆ ಅಭ್ಯಾಸವಾಗುವುದೇ ಇಲ್ಲ. ಕಲ್ಯಾಣ ಮಂಟಪಕ್ಕಂತೂ ಅವಸರ ಬೇಡ; ಓಲಗದ ಪಕ್ಕ ಕೂತವರ ಮಾತು ಕಿವಿ ನೆಟ್ಟಗಿದ್ದವರಿಗೇ ಕೇಳಲ್ಲ.

ಎಲ್ಲಿ ಕಷ್ಟವಾಯಿತು ಎಂದು ಬರೆದಿಡಿ: ‘ಪಾತ್ರೆ ಸದ್ದು ಚುಚ್ಚುತ್ತೆ’, ‘ಮೊಮ್ಮಗಳ ಮಾತು ತಿಳಿಯಲ್ಲ’. ಆಡಿಯಾಲಜಿಸ್ಟ್ ಇದನ್ನು ನೋಡಿಯೇ ಮಷೀನನ್ನು ತಿದ್ದುವುದು.

ಮನೆಯವರ ಪಾಲು

ನನ್ನ ಪ್ರಕಾರ ಅರ್ಧ ಕೆಲಸ ಇದೇ. ಅಡುಗೆಮನೆಯಿಂದ ಕೂಗಬೇಡಿ, ಎದುರಿಗೆ ಬಂದು, ಹೆಸರೋ ವರಸೆಯೋ ಹಿಡಿದು ಕರೆದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು ಮಾತಾಡಿ. ಕಿರುಚಿದರೆ ಸ್ವರ ದಪ್ಪವಾಗುತ್ತದೆಯೇ ಹೊರತು ವ್ಯಂಜನ ಸ್ಪಷ್ಟವಾಗುವುದಿಲ್ಲ. ತಿಳಿಯಲಿಲ್ಲವೆಂದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿ. ಮಾತಾಡುವಾಗ ಟಿವಿ, ಮಿಕ್ಸಿ ಆರಿಸಿ. ‘ಏನಿಲ್ಲ ಬಿಡಿ’ ಎಂದು ಮಾತು ಮುರಿಯುವುದು ಬಹಳ ನೋಯಿಸುತ್ತದೆ. ಊಟಕ್ಕೆ ಕೂರುವಾಗ ಅವರ ಬೆನ್ನು ಗೋಡೆಗಿರಲಿ, ಹಿಂದಿನ ಗದ್ದಲ ಕಡಿಮೆಯಾಗುತ್ತದೆ. ಬ್ಯಾಂಕು, ಆಸ್ಪತ್ರೆಗಳಲ್ಲಿ ಮಾತನ್ನು ಕನ್ನಡ ಅಕ್ಷರಕ್ಕಿಳಿಸುವ ‘ಲೈವ್ ಟ್ರಾನ್ಸ್‌ಕ್ರೈಬ್’ ಆ್ಯಪ್ ಮೊಬೈಲಿನಲ್ಲಿದ್ದರೆ ಅನುಕೂಲ.

ಮಷೀನಿನ ಆರೈಕೆ

ಸ್ನಾನಕ್ಕೆ, ತಲೆಗೆ ಎಣ್ಣೆ ಹಚ್ಚುವ ಮುನ್ನ, ಮಲಗುವಾಗ ತೆಗೆಯಬೇಕು. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬಾರದು. ಗುಂಡಿ ಬ್ಯಾಟರಿಯ ಅಂಟುಚೀಟಿ ಕಿತ್ತ ಮೇಲೆ ಒಂದು ನಿಮಿಷ ಗಾಳಿಗಿಟ್ಟು ಆಮೇಲೆ ಹಾಕಿ. ಹಳೆಯದು ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಕ್ಕೆ ಅಪಾಯ.

ಕುಯ್ಯೆಂದು ಶಿಳ್ಳೆ ಹೊಡೆದರೆ ಮೋಲ್ಡ್ (ಕಿವಿಯೊಳಗೆ ಕೂರುವ ಅಚ್ಚು) ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ. ಸದ್ದೇ ಬರದಿದ್ದರೆ ಬ್ಯಾಟರಿ ಬದಲಿಸಿ, ತುದಿಯಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿ, ಕೆಂಪು ಗುರುತಿನದು ಬಲಗಿವಿಗೇ ಹೋಗಿದೆಯಾ ನೋಡಿ. ಇಷ್ಟಾದರೂ ಕೇಳದಿದ್ದರೆ ಮಾತ್ರ ರಿಪೇರಿಗೆ ಕೊಡಿ.