ದುಷ್ಟ ಸತ್ತ ಸುದ್ದಿ ಬಂದ ದಿನ ಏನು ಮಾಡಬೇಕು

ಮೈಸೂರಿನ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಮೀಟರ್ ಬಡ್ಡಿಗೆ ಸಾಲ ಕೊಡುವವನೊಬ್ಬನಿದ್ದ. ಅಪ್ಪ ತೀರಿಕೊಂಡ ವರ್ಷ, ಬಾಗಿಲಲ್ಲಿ ನಿಂತು ಅಮ್ಮನ ಕಿವಿಯ ಓಲೆ ಬಿಚ್ಚಿಸಿಕೊಂಡು ಹೋದ. ತೂತು ಮುಚ್ಚದಿರಲಿ ಅಂತ ಅಮ್ಮ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಭಾನುವಾರದ ಆರಾಧನೆಗೆ ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಬರುತ್ತಿದ್ದಳು.

ಹೋದ ವರ್ಷ ಅವನು ಸತ್ತ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಪಟಾಕಿ ಚಿತ್ರ ಹಾಕಿದ. ನನ್ನ ಬೆರಳೂ ಅತ್ತಲೇ ಹೋಗಿತ್ತು. ಈಗ ನಮ್ಮ ಚರ್ಚಿನ ಸಭೆಯಲ್ಲಿ ಯಾರಾದರೂ "ಅಕ್ಕಾ, ಅವನು ಸತ್ತ, ನಂಗೆ ಖುಷಿಯಾಗ್ತಿದೆ, ಪಾಪಾನಾ?" ಅಂತ ಕೇಳಿದರೆ ಹೀಗೆ ಹೇಳುತ್ತೇನೆ.

ಮೊದಲು ಫೋನ್ ಕೆಳಗಿಡಿ. ಬೈಬಲ್ಲಿನ ರಾಜ ಸೌಲ, ತನ್ನ ನಂತರ ರಾಜನಾದ ದಾವೀದನನ್ನು ಈಟಿ ಎಸೆದು ಕೊಲ್ಲಲು ನೋಡಿದವನು, ಕಾಡು ಗುಡ್ಡ ಅಲೆಸಿದವನು. ಅವನು ಸತ್ತನೆಂದು ಕೇಳಿದ ದಾವೀದ ಬಟ್ಟೆ ಹರಿದುಕೊಂಡು ಸಂಜೆಯವರೆಗೆ ಉಪವಾಸವಿದ್ದ. ಈ ಸುದ್ದಿಯನ್ನು ಗತ್ ಊರಲ್ಲಿ ಹೇಳಬೇಡಿ, ಅಷ್ಕೆಲೋನಿನ ಬೀದಿಗಳಲ್ಲಿ ಸಾರಬೇಡಿ ಅಂತ ಹಾಡಿದ. ಎರಡೂ ಶತ್ರುಗಳ ಊರು, ಕೇಳಿದರೆ ಹಿಗ್ಗುತ್ತಾರೆ. ನಮ್ಮ ಗತ್, ಅಷ್ಕೆಲೋನ್ ಎಲ್ಲಾ ಈಗ ಕೈಯಲ್ಲಿರುವ ಫೋನಲ್ಲೇ ಇವೆ.

ಆಮೇಲೆ ಆ ಖುಷಿ ಯಾವುದು ಅಂತ ನೋಡಿಕೊಳ್ಳಿ. 'ಇನ್ನು ಅವನು ಬಂದು ಬಾಗಿಲು ಬಡಿಯಲ್ಲ' ಅನ್ನುವ ನಿರಾಳ ಪಾಪವಲ್ಲ, ಅದಕ್ಕೆ ದೇವರಿಗೆ ಸ್ತೋತ್ರ ಹೇಳಿ. ದುಷ್ಟರು ನಾಶವಾದಾಗ ಊರು ಜಯಘೋಷ ಮಾಡುತ್ತದೆಂದು ಬೈಬಲ್ಲಿನ ಜ್ಞಾನೋಕ್ತಿ ಪುಸ್ತಕದ 11ನೇ ಅಧ್ಯಾಯದಲ್ಲೇ ಇದೆ. ಆದರೆ 'ಎಷ್ಟು ದಿನ ನರಳಿದ?' ಅಂತ ಕೇಳುವ ಆಸೆ ಹುಟ್ಟಿತೋ, ಅಲ್ಲೇ ನಿಲ್ಲಿ. ಶತ್ರು ಬಿದ್ದಾಗ ಹಿಗ್ಗಬೇಡ ಅಂತ ಹೇಳುವುದೂ ಅದೇ ಪುಸ್ತಕ, 24ನೇ ಅಧ್ಯಾಯ. ದುಷ್ಟನ ಸಾವಿನಲ್ಲಿ ತನಗೆ ಸಂತೋಷವಿಲ್ಲವೆಂದು ದೇವರೇ ಪ್ರವಾದಿ ಯೆಹೆಜ್ಕೇಲನ ಬಾಯಲ್ಲಿ ಹೇಳಿಸಿದ್ದಾನೆ. ನಾನು ಕೇಳಿಬಿಟ್ಟಿದ್ದೆ, ಎಷ್ಟು ದಿನ ಅಂತ. ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಂತ ಸುಳ್ಳು ಹೊಗಳಿಕೆ ಬೇಡ. 2011ರ ಮೇ 2ರಂದು ಒಸಾಮಾ ಬಿನ್ ಲಾದೆನ್ ಹತನಾದಾಗ ವ್ಯಾಟಿಕನ್ ವಕ್ತಾರ ಫೆಡೆರಿಕೊ ಲೊಂಬಾರ್ಡಿ, ಮನುಷ್ಯನ ಸಾವಿಗೆ ಕ್ರೈಸ್ತನು ಎಂದೂ ಸಂತೋಷಪಡುವುದಿಲ್ಲ ಎಂದರು. ಅವನು ಜನರ ನಡುವೆ ದ್ವೇಷ ಹರಡಿದ್ದನ್ನೂ ಅದೇ ಮಾತಿನಲ್ಲಿ ಹೇಳಿದರು, ಮುಚ್ಚಿಡಲಿಲ್ಲ. ಇನ್ನು ನರಕಕ್ಕೆ ಹೋದ ಅನ್ನುವ ತೀರ್ಪು ನಮ್ಮದಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೂ ಕೊನೇ ಗಳಿಗೆಯಲ್ಲಿ ಸ್ವರ್ಗದ ಮಾತು ಸಿಕ್ಕಿತಲ್ಲ.

ಪ್ರಾರ್ಥನೆಯಲ್ಲಿ ಮೊದಲು ಅವನಿಂದ ನೊಂದವರ ಹೆಸರು ಹಿಡಿಯಿರಿ, ಒಬ್ಬೊಬ್ಬರದೇ. ಅವನ ಹೆಂಡತಿ ಮಕ್ಕಳದು ಕೊನೆಗೆ ಬರಲಿ. ನನಗೆ ಆ ಹೆಸರುಗಳು ಬಾಯಿಗೆ ಬರಲು ಒಂಬತ್ತು ದಿನ ಬೇಕಾಯಿತು. ಕ್ಷಮಿಸಿದೆವೆಂದು ಹಕ್ಕು ಬಿಡಬೇಕಿಲ್ಲ. ನಿಮ್ಮ ಖಾಲಿ ಚೆಕ್ ಆ ಮನೆಯಲ್ಲಿದ್ದರೆ ತಿಂಗಳು ಕಳೆದ ಮೇಲೆ ಹೋಗಿ ಕೇಳಿ ತೆಗೆದುಕೊಳ್ಳಿ.

ಸಾವಿನ ಮನೆಗೆ ಹೋಗಬೇಕಾ? ನಿಮ್ಮ ಮೈಮೇಲೆ ಕೈ ಮಾಡಿದವನಾದರೆ ಬೇಡ, ಯಾರೂ ಬಲವಂತ ಮಾಡಕೂಡದು. ಆಗುವುದಾದರೆ ಹೋಗಿ, ಹತ್ತು ನಿಮಿಷ ಸುಮ್ಮನೆ ಕೂತು, 'ಬರ್ತೀನಿ' ಅನ್ನದೆ ಎದ್ದು ಬನ್ನಿ. ನಾನು ಹೋದಾಗ ಅವನ ಹೆಂಡತಿ, "ಯಾರ ಮಗಳಮ್ಮಾ?" ಅಂದರು. ಅಮ್ಮನ ಹೆಸರು ಹೇಳಿದೆ. ಅವರ ತಲೆ ತಗ್ಗಿತು. ಆಮೇಲೆ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು.