ಗ್ರೆಗೋರಿಯನ್ ಗಾನದ ಹಾಳೆಯಲ್ಲಿ ಕೆಂಪು ಎಲ್ಲೆಲ್ಲಿ?

ಚರ್ಚಿನ ಗ್ರೆಗೋರಿಯನ್ ಗಾನದ ಸ್ವರಲಿಪಿ ಅಚ್ಚುಮಾಡುವ ತಂತ್ರಾಂಶ ಗ್ರೆಗೋರಿಯೊದಲ್ಲಿ ಬಣ್ಣ ಹಚ್ಚೋದು ಕಲಿತ ಹೊಸದರಲ್ಲಿ ಕಂಡಕಂಡದ್ದಕ್ಕೆಲ್ಲ ಕೆಂಪು ಬಳಿದಿದ್ದೆ. ಹಾಳೆ ನೋಡಿದ ಗಾಯಕರೊಬ್ಬರು, “ಇದರಲ್ಲಿ ಹಾಡೋದು ಯಾವುದು?” ಅಂದರು. ಅಲ್ಲಿಂದ ನನ್ನ ಲೆಕ್ಕ ಒಂದೇ: ಹಾಡುವುದು ಕಪ್ಪು, ಹಾಡದೆ ಸೂಚನೆಯಾಗಿ ನಿಲ್ಲುವುದು ಕೆಂಪು. ಇಂಥ ಸೂಚನೆಗೆ ಹೇಳುವ ‘ರುಬ್ರಿಕ್’ ಅನ್ನೋ ಪದವೇ ಲ್ಯಾಟಿನ್ನಿನ ಕೆಂಪಿನಿಂದ ಹುಟ್ಟಿದ್ದು.

ಪೂಜೆಯಲ್ಲಿ ಹಾಡುವ ‘ಕೀರಿಯೆ ಎಲೇಯಿಸೋನ್’ (‘ಪ್ರಭುವೇ, ಕರುಣೆ ತೋರು’) ಪ್ರಾರ್ಥನೆ ತಗೊಳ್ಳಿ. ‘ಕೀರಿಯೆ’ ಆದಮೇಲೆ ಒಂದು ನಕ್ಷತ್ರ ಬರುತ್ತದೆ. ಮುಂಗಾಯಕ ಅಲ್ಲಿವರೆಗೆ ಹಾಡಿದರೆ, ಮುಂದಿನ ‘ಎಲೇಯಿಸೋನ್’ ಇಡೀ ಮೇಳದ್ದು. ಸಾಹಿತ್ಯದ ಪಕ್ಕ ಆವರಣದಲ್ಲಿ ಸ್ವರ ಬರೆಯುವ ಜಿಎಬಿಸಿ ಫೈಲ್‌ನಲ್ಲಿ ಆ ನಕ್ಷತ್ರವನ್ನು ಸಣ್ಣಕ್ಷರದ ‘ಸಿ’ ಟ್ಯಾಗ್ ಒಳಗೆ ಹಾಕಿ, ಪಕ್ಕದಲ್ಲಿ ಖಾಲಿ ದುಂಡು ಆವರಣ ಇಡಿ, ಅದಕ್ಕೆ ಸ್ವರವಿಲ್ಲವಲ್ಲ. ಮೇಳದ ಉತ್ತರ, ಮುಂಗಾಯಕನ ಸಾಲು ಯಾವುದೆಂದು ತೋರಿಸುವ, ಗೀಟು ಹೊಡೆದ ಆರ್, ವಿ ಚಿಹ್ನೆಗಳು ‘ಎಸ್‌ಪಿ’ ಟ್ಯಾಗ್‌ನಿಂದ ಬರುತ್ತವೆ. ಅದರ ಹೊರಗೆ ‘ಸಿ’ ಟ್ಯಾಗ್ ಸುತ್ತಿದರೆ ಆಯ್ತು.

ಹಾಡಿಗೆ ಸೇರಿದ್ದರೂ ಕೆಂಪು ಹಚ್ಚುವ ಮೊದಲ ದೊಡ್ಡಕ್ಷರದಲ್ಲಿ ನಾನು ಅರ್ಧ ದಿನ ಕಳೆದೆ. ‘ಗ್ರೆ ಚೇಂಜ್ ಸ್ಟೈಲ್’ ಕಮಾಂಡ್‌ನಲ್ಲಿ ‘ಇನಿಷಿಯಲ್’ಗೆ ಬರೀ ಬಣ್ಣ ಕೊಟ್ಟೆ. ಬಣ್ಣ ಬಂತು, ಅಕ್ಷರ ಮಾತ್ರ ಕೆಳಗಿನ ಸಾಹಿತ್ಯದಷ್ಟೇ ಪುಟ್ಟದಾಗಿ ಕೂತಿತು! ಆ ಕಮಾಂಡ್ ಹಳೆಯ ಶೈಲಿಗೆ ಏನನ್ನೂ ಸೇರಿಸುವುದಿಲ್ಲ, ಅದನ್ನು ಪೂರ್ತಿ ಕಿತ್ತುಹಾಕಿ ಹೊಸದನ್ನು ಇಡುತ್ತದೆ. ಮೂಲದಲ್ಲಿದ್ದ 40 ಪಾಯಿಂಟ್ ಅಳತೆಯೂ ಹಾರಿಹೋಗಿತ್ತು. ಬಣ್ಣದ ಜೊತೆ ಫಾಂಟ್ ಅಳತೆಯನ್ನೂ ಮತ್ತೆ ಬರೆಯಿರಿ.

ಸ್ವರಗಳು ಕೂರುವ ನಾಲ್ಕು ಗೆರೆಗಳಿಗೆ ‘ಗ್ರೆ ಸೆಟ್ ಲೈನ್ ಕಲರ್’ ಕಮಾಂಡ್ ಇದೆ, ಸ್ವರಗಳು ಕಪ್ಪಾಗೇ ಉಳಿಯುತ್ತವೆ. (11ನೇ ಶತಮಾನದ ಇಟಲಿಯ ಸಂಗೀತ ಗುರು ಗ್ವಿದೊ ದ’ಅರೆಟ್ಸೊ ಎಫ್ ಸ್ವರದ ಗೆರೆಗೆ ಕೆಂಪು, ಸಿ ಸ್ವರದ ಗೆರೆಗೆ ಹಳದಿ ಹಾಕಿಸಿದ. ಅವನಿಗೆ ಬಣ್ಣ ಅಲಂಕಾರವಾಗಿರಲಿಲ್ಲ, ಸ್ವರಸ್ಥಾನದ ಗುರುತಾಗಿತ್ತು.)

ಎಲ್ಲೂ ‘ರೆಡ್’ ಅಂತ ನೇರವಾಗಿ ಬರೆಯಬೇಡಿ, ‘ಗ್ರೆಗೋರಿಯೊ ಕಲರ್’ ಅನ್ನುವ ಹೆಸರನ್ನೇ ಬಳಸಿ. ಸಿ ಟ್ಯಾಗ್ ಕೂಡ ಅದನ್ನೇ ನೋಡುತ್ತದೆ. ಲೇಟೆಕ್ ಫೈಲ್‌ನಲ್ಲಿ ಗ್ರೆಗೋರಿಯೊ ಪ್ಯಾಕೇಜ್ ಕರೆದ ಸಾಲಿನ ಕೆಳಗೆ ಆ ಹೆಸರಿಗೆ ಹೊಸ ಬಣ್ಣ ಕೊಟ್ಟರೆ ಇಡೀ ಪುಸ್ತಕ ಒಂದೇ ಏಟಿಗೆ ಬದಲಾಗುತ್ತದೆ. ಪರದೆಗೆ ಚೆಂದ ಕಾಣುವ ಕೆಂಪು ಕಾಗದದ ಮೇಲೆ ಕಣ್ಣು ಕುಕ್ಕುತ್ತದೆ ಅನ್ನೋದು ನನ್ನ ಅನುಭವ. 0ಯಿಂದ 255ರವರೆಗಿನ ಅಳತೆಯಲ್ಲಿ ನಾನು ಕೆಂಪಿಗೆ 150, ಹಸಿರು, ನೀಲಿಗೆ ತಲಾ 20 ಇಡುತ್ತೇನೆ.

ಕಪ್ಪು-ಬಿಳುಪು ಪ್ರಿಂಟರ್‌ಗೆ ಹೋಗುವ ಹಾಳೆಯಾದರೆ ಗೆರೆಗೆ ಬಣ್ಣವೇ ಬೇಡ. ಕೆಂಪು ಬೂದು ಬಣ್ಣವಾಗಿ, ತೆಳು ಗೆರೆ ಚುಕ್ಕಿ ಚುಕ್ಕಿಯಾಗಿ ಒಡೆದು, ಸ್ವರ ಯಾವ ಗೆರೆ ಮೇಲಿದೆ ಅಂತಲೇ ಗೊತ್ತಾಗುವುದಿಲ್ಲ.