ಬೂಷ್ಟು ಹಿಡಿದ ಡಿವಿಡಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿದ್ದು: ನನ್ನ ಅನುಭವ

"ಭಾವ, ಈ ಡಬ್ಬಾನ ಗುಜರಿಗೆ ಹಾಕಿ. ಈಗ ಡಿಸ್ಕ್ ಯಾರು ನೋಡ್ತಾರೆ?" ಅಂದಿದ್ದ ಭಾವಮೈದ. ಹೋದ ತಿಂಗಳು ಗೋಣಿಕೊಪ್ಪದಿಂದ ಬೆಂಗಳೂರಿಗೆ ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದವನೂ ಅವನೇ. ತಿತಿಮತಿ ದಾಟಿ ಆನೆಚೌಕೂರು ಕಾಡು ಹೊಕ್ಕದ್ದೇ ಅವನ ಮೊಬೈಲಿನ ಸಿನಿಮಾ ಗಿರಗಿರ ಸುತ್ತುತ್ತಾ ನಿಂತಿತು. ನನ್ನ ಲ್ಯಾಪ್‌ಟಾಪಿನದು ನಿಲ್ಲಲಿಲ್ಲ. ಹುಣಸೂರು ಬರುವಷ್ಟರಲ್ಲಿ ನನ್ನ ಇಯರ್‌ಫೋನಿನ ಒಂದು ಕಿವಿ ಅವನ ಪಾಲಾಗಿತ್ತು.

ದುಡ್ಡು ಕೊಟ್ಟು ಕೊಂಡ 110 ಚಿಲ್ಲರೆ ಡಿವಿಡಿ, ಹತ್ತು ಹನ್ನೆರಡು ಮಳೆಗಾಲ ಅಟ್ಟದ ಮೇಲೆ ಕಳೆದವು. ನಮ್ಮ ಕೊಡಗಿನಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಬರುತ್ತದೆ, ಡಿಸ್ಕನ್ನು ಬಿಡುತ್ತಾ? ಮೊದಲು ಎಲ್ಲರಂತೆ ಡಿಸ್ಕನ್ನೇ ನೇರ ಹ್ಯಾಂಡ್‌ಬ್ರೇಕ್ ಅನ್ನುವ, ಸಿನಿಮಾ ಕುಗ್ಗಿಸುವ ಸಾಫ್ಟ್‌ವೇರಿಗೆ ಕೊಟ್ಟೆ. 80 ಪರ್ಸೆಂಟಿಗೆ ಬಂದು ಸಿಕ್ಕಿಕೊಳ್ಳುತ್ತಿತ್ತು. ಇಲ್ಲವೇ ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತಿತ್ತು, ನನ್ನ ಬ್ಯಾಟರಿ ಇಪ್ಪತ್ತು ನಿಮಿಷದ್ದು. ಮತ್ತೆ ಸೊನ್ನೆಯಿಂದ ಶುರು. ಮೂರನೇ ವಾರ ಒಳಗಿನ ಡ್ರೈವೇ ಸತ್ತಿತು. ಹೊರಗಿನದಕ್ಕೆ ಸುಮಾರು 1,400 ರೂಪಾಯಿ ಕೈಬಿಟ್ಟಿತು. ಆಮೇಲೆ ಕುಗ್ಗಿಸದೆ, ಡಿವಿಡಿಯಲ್ಲಿ ಸಿನಿಮಾ ಇರುವ ವಿಒಬಿ ಫೈಲುಗಳನ್ನು ಹಾಗೇ ಎಳೆದುಕೊಂಡೆ. ಸಿನಿಮಾಕ್ಕೆ 6-7 ಜಿಬಿ, 320 ಜಿಬಿ ಹಾರ್ಡ್‌ಡಿಸ್ಕ್ ನಲವತ್ತಕ್ಕೇ ತುಂಬಿತು.

ತೊಳೆಯುವುದರಲ್ಲೂ ದಡ್ಡತನ ಮಾಡಿದ್ದೇನೆ. ಟೂತ್‌ಪೇಸ್ಟ್ ತಿಕ್ಕಿ ಎರಡು ಹಾಳು. ಇನ್ನೊಂದನ್ನು ಒಲೆ ಪಕ್ಕ ಒಣಗಲಿಟ್ಟೆ, ಹಪ್ಪಳದ ಹಾಗೆ ಸೊಟ್ಟಗಾಯಿತು. ಕೊನೆಗೆ ಕೈಹಿಡಿದದ್ದು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರುಬೆಚ್ಚಗಿನ ನೀರು, ಹಳೇ ಪಂಚೆಯ ತುಂಡು. ನಡುವಿನಿಂದ ಅಂಚಿಗೆ ನೇರ ಒರೆಸಬೇಕು, ದುಂಡಗೆ ಅಲ್ಲ. ಅಂಚಿನಿಂದ ಎರಡು ಪದರದ ನಡುವೆ ಬೂಷ್ಟು ನುಗ್ಗಿದ್ದರೆ ಆಸೆ ಬಿಡಿ.

ದಾರಿ ಸಿಕ್ಕಿದ್ದು ಓದುವುದನ್ನೂ ಕುಗ್ಗಿಸುವುದನ್ನೂ ಬೇರೆ ಮಾಡಿದ ಮೇಲೆ. ಮೊದಲು ಡಿಡಿರೆಸ್ಕ್ಯೂ ಅನ್ನುವ, ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಸಾಫ್ಟ್‌ವೇರಿನಲ್ಲಿ ಐಎಸ್‌ಒ, ಅಂದರೆ ಇಡೀ ಡಿಸ್ಕಿನ ಒಂದೇ ಫೈಲಿನ ನಕಲು, ತೆಗೆಯುವುದು. ಎಲ್ಲಿಯವರೆಗೆ ಓದಿತು, ಎಲ್ಲಿ ಎಡವಿತು ಎಂಬುದೆಲ್ಲ ಮ್ಯಾಪ್ ಫೈಲಿನಲ್ಲಿ ಉಳಿಯುತ್ತದೆ. ಕಕ್ಕಡ 18ರ (ಕೊಡವರ ಮಳೆಗಾಲದ ತಿಂಗಳ ಹದಿನೆಂಟನೇ ದಿನ) ರಾತ್ರಿ ಮದ್ದು ಸೊಪ್ಪಿನ ಪಾಯಸ ತಿಂದು ಮಲಗಿದೆ, ಬೆಳಗಾಗುವಷ್ಟರಲ್ಲಿ ಕರೆಂಟ್ ಮೂರು ಸಲ ಹೋಗಿತ್ತಂತೆ. ಎದ್ದು ಅದೇ ಕಮಾಂಡ್ ಕೊಟ್ಟೆ, ನಿಂತಲ್ಲಿಂದಲೇ ಹೊರಟಿತು! ಮಡಿಕೇರಿಯಲ್ಲಿ ಹಳೇ ಡೆಸ್ಕ್‌ಟಾಪಿನ ಡ್ರೈವೊಂದು ಕೇಬಲ್ ಸೇರಿ 350ಕ್ಕೆ ಸಿಕ್ಕಿತು. ಒಂದು ಡ್ರೈವ್ ಓದದ ಸೆಕ್ಟರನ್ನು (ಡಿಸ್ಕಿನ ಚಿಕ್ಕ ತುಂಡು) ಇನ್ನೊಂದು ಓದುವುದುಂಟು, ಮ್ಯಾಪ್ ಫೈಲ್ ಮಾತ್ರ ಅದೇ ಇರಲಿ. ಲಾಕ್ ಇರುವ ಡಿಸ್ಕಿಗೆ ಬೇರೆ ಉಪಾಯವಿದೆ, ಅದು ನನ್ನಲ್ಲೇ ಇರಲಿ.

ಆಮೇಲೆ ಹ್ಯಾಂಡ್‌ಬ್ರೇಕ್, ಚಿತ್ರದ ಗುಣಮಟ್ಟ ಹೇಳುವ ಆರ್‌ಎಫ್ 21ಕ್ಕೆ ಇಟ್ಟು. ಅಡ್ಡಗೆರೆ ತೆಗೆಯುವ ಡೀಕೋಂಬ್ ಆಯ್ಕೆ ಮರೆತರೆ ಹಾಡಿನಲ್ಲಿ ಕುಣಿಯುವವರ ಕೈಕಾಲಿಗೆ ಬಾಚಣಿಗೆ ಹಲ್ಲು ಮೂಡುತ್ತದೆ. ಎರಡೂವರೆ ಗಂಟೆಯ ಸಿನಿಮಾ 1.2 ಜಿಬಿ ಆಸುಪಾಸು. ಹುಮ್ಮಸ್ಸಿನಲ್ಲಿ ಹಳೇ ವಿಸಿಡಿಗಳನ್ನೂ ದೊಡ್ಡ ಸೈಜಿಗೆ ಹಿಗ್ಗಿಸಿ ನೋಡಿದೆ. 352 ಗುಣಿಸು 288 ಪಿಕ್ಸೆಲಿನ ಚಿತ್ರ, ಹಿಗ್ಗಿಸಿದರೆ ಮುಖ ಹೋಗಿ ಮುದ್ದೆ.

ಹದಿಮೂರು ಡಿಸ್ಕ್ ಕೊನೆಗೂ ಬಗ್ಗಲಿಲ್ಲ. ಮಂಗ ಹೆದರಲಿ ಅಂತ ಕಿತ್ತಳೆ ಗಿಡಕ್ಕೆ ಕಟ್ಟಿದೆ. ಎರಡು ದಿನ ಹೆದರಿದವು.